ಮನೆ ಮತ್ತು ಮನಃಶಾಂತಿ

ಪ್ರಕೃತ ಕಾಲದಲ್ಲಿ ಅತಿಯಾಗಿ ಕೇಳಿಬರುತ್ತಿರುವ ಮಾತುಗಳಲ್ಲಿ ‘ಒತ್ತಡ’ವೆಂಬುದೂ ಒಂದು. ಅಧಿಕಾರಿಗೆ ಕಚೇರಿಯ ಒತ್ತಡ, ಒಕ್ಕಲಿಗನಿಗೆ ಸಾಲದ ಒತ್ತಡ, ಅಧ್ಯಾಪಕನಿಗೆ ಫಲಿತಾಂಶದ ಒತ್ತಡ, ಹದಿನೈದರ ಹರೆಯದ ವಿದ್ಯಾರ್ಥಿಗೆ ಪರೀಕ್ಷೆಯ ಒತ್ತಡ. ಹಿಂದಿನವರು ಚಿಂತೆ, ದುಗುಡ, ತಳಮಳ, ಬೇಗುದಿ, ಅಂಜಿಕೆ ಎಂದು ಬೇರೆ ಬೇರೆ ಹೆಸರಿಟ್ಟು ಗುರುತಿಸುತ್ತಿದ್ದ ಮನೋವಿಕಾರಗಳನ್ನೆಲ್ಲ ಇಂದು ಈ ಒಂದೇ ಪದದ ಚೀಲದೊಳಗೆ ತುಂಬಲಾಗಿದೆ. ಪದವೇನೋ ಅಚ್ಚಗನ್ನಡದ್ದು, ‘ಒತ್ತು’ ಎಂಬ ಧಾತುವಿನಿಂದ ಹುಟ್ಟಿದ್ದು. ಆದರೆ ಅದಕ್ಕೆ ಈಗ ಸಲ್ಲುತ್ತಿರುವ ಅರ್ಥ ಹೊರಗಿನಿಂದ ಬಂದುದು. ಲೋಹದ ಸರಳಿನ ಮೇಲೆ ಭಾರ ಬಿದ್ದಾಗ ಅದರೊಳಗೆ ಉಂಟಾಗುವ ಸ್ಥಿತಿಯನ್ನು ಹೇಳಲು ಯಂತ್ರಶಾಸ್ತ್ರಜ್ಞರು ಬಳಸುತ್ತಿದ್ದ ‘ಸ್ಟ್ರೆಸ್’ ಎಂಬ ಶಬ್ದವನ್ನು ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ ಜೀವಿಗಳ ದೇಹಕ್ಕೆ ಅನ್ವಯಿಸಿ ಲೋಕದಲ್ಲೆಲ್ಲ ರೂಢಿಗೆ ತಂದರು.

ಈ ಒತ್ತಡವನ್ನು ಇಳಿಸಿಕೊಳ್ಳಲು ಮನುಷ್ಯನಿಗಿರುವ ಮೊದಲ ತಾಣ ಮನೆ. ‘ಮನೆ’ ಎಂಬುದರ ಮೂಲವನ್ನು ಭಾಷಾಶಾಸ್ತ್ರಜ್ಞರು ದ್ರಾವಿಡದ ‘ಮನ್’ ಎಂಬ ಧಾತುವಿನವರೆಗೆ ಒಯ್ಯುತ್ತಾರೆ. ನೆಲೆಸು, ಉಳಿ, ಸ್ಥಿರವಾಗಿರು ಎಂದು ಅದರ ಅರ್ಥ. (ಸಂಸ್ಕೃತದ ‘ಮನಸ್’ ಶಬ್ದಕ್ಕೂ ಇದಕ್ಕೂ ಧ್ವನಿಸಾಮ್ಯವಿದೆಯೇ ಹೊರತು ಬಾಂಧವ್ಯವಿಲ್ಲ. ಬಾಂಧವ್ಯವನ್ನು ಕಲ್ಪಿಸಿ ಭಾಷಣ ಮಾಡುವವರು ಮಾತ್ರ ಬಹಳ ಮಂದಿ ಇದ್ದಾರೆ.) ಹಳೆಯ ಕಾಲುಹಾದಿಗಳ ಬದಿಯಲ್ಲಿ, ತಲೆಹೊರೆ ಹೊತ್ತು ನಡೆಯುವವರು ಯಾರ ನೆರವೂ ಇಲ್ಲದೆ ಹೊರೆಯನ್ನಿಳಿಸಿ ದಣಿವಾರಿಸಿಕೊಂಡು, ಮತ್ತೆ ಅದನ್ನು ತಲೆಗೇರಿಸಿಕೊಂಡು ಹೋಗಲೆಂದು ಆಳೆತ್ತರದ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಸಂಸಾರಿಯ ಪಾಲಿಗೆ ಮನೆ ಅಂತಹ ಕಲ್ಲು. ಆದರೆ ಇಂದಿನ ಅನೇಕ ಮನೆಗಳಲ್ಲಿ ಹೊರೆ ಇಳಿಯುತ್ತಿಲ್ಲ. ಹೊತ್ತು ತಂದುದರ ಮೇಲೆ ಇನ್ನೊಂದು ಬೀಳುತ್ತಿದೆ.

ಪಟ್ಟಣದ ಅಂಗಡಿಗಳಲ್ಲಿ ಈಗ ಶಾಂತಿಯೂ ಮಾರಾಟಕ್ಕೆ ದೊರೆಯುತ್ತದೆ. ಪರಿಮಳದ ಮೇಣಬತ್ತಿ, ಮೇಜಿನ ಮೇಲೆ ಇಡತಕ್ಕ ವಿದ್ಯುತ್ ಕಾರಂಜಿ, ಧ್ಯಾನಮಗ್ನ ಬುದ್ಧನ ಮುಖ, ಗಾಳಿಗೆ ಕಿಣಿಕಿಣಿ ಎನ್ನುವ ಗಂಟೆಗಳು ಇವನ್ನೆಲ್ಲ ತಂದಿರಿಸಿದರೆ ಗೃಹವು ಶಾಂತವಾಗುವುದೆಂಬುದು ಜಾಹೀರಾತಿನ ಆಶ್ವಾಸನೆ. ಇವುಗಳಿಂದ ಕೇಡೇನೂ ಇಲ್ಲ. ಆದರೆ ಕಾರಂಜಿಯ ಮಗ್ಗುಲಲ್ಲಿಯೇ ದೂರದರ್ಶನ ಪೆಟ್ಟಿಗೆ ಅರಚುತ್ತಿದ್ದರೆ, ಗಂಟೆಯ ನಾದದ ಕೆಳಗೆ ಅತ್ತೆ-ಸೊಸೆಯರು ಮಾತು ಬಿಟ್ಟು ಕುಳಿತಿದ್ದರೆ, ಆ ಹಣ ವ್ಯರ್ಥವೇ ಸರಿ. ಮನೆಯ ಶಾಂತಿಯನ್ನು ಕುರಿತು ವಿಚಾರಿಸುವವರು ಹೊಸದಾಗಿ ಏನನ್ನು ತರಬೇಕೆಂದು ಯೋಚಿಸುವ ಮೊದಲು ಏನು ಒತ್ತುತ್ತಿದೆ, ಅದು ಯಾರನ್ನು ಒತ್ತುತ್ತಿದೆ ಎಂಬುದನ್ನು ನೋಡಬೇಕಾಗುತ್ತದೆ.

ಮೊದಲು ದೇಹದ ಮಾತು. ಅಪಾಯ ಎದುರಾದಾಗ ಪ್ರಾಣಿಯು ಹೋರಾಡಲು ಇಲ್ಲವೆ ಓಡಿಹೋಗಲು ಹೇಗೆ ಸಿದ್ಧವಾಗುತ್ತದೆಂಬುದನ್ನು ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿವರಿಸಿದರು. ಎದೆಬಡಿತ ಹೆಚ್ಚುತ್ತದೆ, ಉಸಿರು ಬಿರುಸಾಗುತ್ತದೆ, ಜಠರದ ಕೆಲಸ ಹಿಂದಕ್ಕೆ ಸರಿಯುತ್ತದೆ. 1936ರಲ್ಲಿ ಸೆಲ್ಯೆಯವರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಚಳಿಯಾಗಲಿ, ಗಾಯವಾಗಲಿ, ಅತಿಶ್ರಮವಾಗಲಿ, ಪೀಡೆ ಯಾವುದೇ ಇದ್ದರೂ ದೇಹ ಅದಕ್ಕೆ ಕೊಡುವ ಉತ್ತರದಲ್ಲಿ ಒಂದು ಸಮಾನ ಅಂಶವಿದೆಯೆಂದು ತೋರಿಸಿದರು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಈ ವ್ಯವಹಾರದಲ್ಲಿ ಮುಖ್ಯ ಪಾತ್ರವಿದೆ. ಅವು ಸ್ರವಿಸುವ ಕಾರ್ಟಿಸಾಲ್ ಎಂಬ ರಸವು ಬೆಳಗ್ಗೆ ಎಚ್ಚರಾದ ಸುಮಾರು ಅರ್ಧ ಗಂಟೆಯಲ್ಲಿ ಶಿಖರಕ್ಕೇರಿ, ಹೊತ್ತು ಇಳಿದಂತೆ ತಾನೂ ಇಳಿಯುತ್ತ, ಮಲಗುವ ವೇಳೆಗೆ ಕನಿಷ್ಠ ಮಟ್ಟಕ್ಕೆ ಬರತಕ್ಕದ್ದು. ಹೀಗೆ ಏರುವುದೂ ಆರೋಗ್ಯವೇ, ಇಳಿಯುವುದೂ ಆರೋಗ್ಯವೇ. ಇಳಿಯಬೇಕಾದ ಹೊತ್ತಿನಲ್ಲಿ ಇಳಿಯದಿರುವುದು ಮಾತ್ರ ಕಾಲಾನಂತರದಲ್ಲಿ ನಿದ್ರೆಯನ್ನೂ ರಕ್ತದ ಒತ್ತಡವನ್ನೂ ಜ್ಞಾಪಕಶಕ್ತಿಯನ್ನೂ ಬಾಧಿಸುತ್ತದೆ. ಆ ಇಳಿಯುವ ಹೊತ್ತು, ಎಂದರೆ ಸಂಜೆಯಿಂದ ರಾತ್ರಿಯವರೆಗಿನ ನಾಲ್ಕೈದು ತಾಸು, ಬಹುಮಂದಿಗೆ ಮನೆಯಲ್ಲಿಯೇ ಕಳೆಯುತ್ತದೆ. ಆದುದರಿಂದ ಮನೆಯ ವಾತಾವರಣದ ಪ್ರಶ್ನೆ ಅಲಂಕಾರಕ್ಕೆ ಸೇರಿದ್ದೆಂದು ಯಾರೂ ತಳ್ಳಿಹಾಕುವಂತಿಲ್ಲ.

ನಮ್ಮ ಬಯಲುಸೀಮೆಯ ಹಳೆಯ ಮನೆಗಳನ್ನು ಕಟ್ಟಿದ ಗೌಂಡಿಗಳು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಹೊರಗಿನಿಂದ ಬಂದವನು ಒಮ್ಮೆಲೇ ಒಳಗೆ ನುಗ್ಗದೆ ಮೆಟ್ಟಿಲುಮೆಟ್ಟಿಲಾಗಿ ಒಳಸೇರುವಂತಹ ಕ್ರಮ ಆ ಮನೆಗಳಲ್ಲಿತ್ತು. ಬೀದಿಗೆ ತಾಗಿ ಕಟ್ಟೆ. ಅಲ್ಲಿ ಹೊರಗಿನ ವ್ಯವಹಾರದ ಮಾತು ಮುಗಿಯುತ್ತಿತ್ತು. ತಲೆಬಾಗಿಲು ತಗ್ಗಾಗಿದ್ದುದರಿಂದ ಎಂತಹ ಬಿರುಸಿನಲ್ಲಿ ಬಂದವನೂ ಅಲ್ಲಿ ಒಂದು ಕ್ಷಣ ನಿಂತು ಬಾಗಲೇಬೇಕು. ಕಾಲಿಗೆ ನೀರು, ಬಾಯಿಗೆ ಬೆಲ್ಲ-ನೀರು. ಅನಂತರ ಪಡಸಾಲೆ, ಅದರಾಚೆ ನಡುಮನೆ, ದೇವರ ಕೋಣೆ, ಅಡುಗೆಮನೆ, ಕೊನೆಗೆ ಹಿತ್ತಲು. ಎರಡು ಮೂರು ಅಡಿ ದಪ್ಪದ ಮಣ್ಣುಗೋಡೆ ಹಗಲಿನ ಕಾವನ್ನು ಹೀರಿ, ಅದು ಒಳಮುಖಕ್ಕೆ ತಲುಪುವಷ್ಟರಲ್ಲಿ ಹೊತ್ತು ಮುಳುಗುವಂತೆ ಮಾಡುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಕೋಲು ಬೆಳಕು ನೆಲದ ಮೇಲೆ ಬಿದ್ದು ಹೊತ್ತನ್ನು ತಿಳಿಸುತ್ತಿತ್ತು. ಉರಿಬಿಸಿಲಿನಿಂದ ಬಂದವನ ಕಣ್ಣಿಗೆ ಆ ತಂಪುಗತ್ತಲೆಯೇ ಅರ್ಧ ಉಪಚಾರ.

ಹಾಗೆಂದು ಹಳೆಯ ಮನೆಯನ್ನು ಹೊಗಳುವ ಭರದಲ್ಲಿ ಅದರ ಕೇಡುಗಳನ್ನು ಮರೆಯಲಾಗದು. ಅಡುಗೆಮನೆಯ ಹೊಗೆಯಲ್ಲಿ ತಲೆಮಾರುಗಟ್ಟಲೆ ಹೆಣ್ಣುಮಕ್ಕಳು ಕಣ್ಣು ಕಳೆದುಕೊಂಡರು, ಎದೆಬೇನೆ ತಂದುಕೊಂಡರು. ಒಂದೇ ಸೂರಿನಡಿ ದನಕರುಗಳು, ಗೋಡೆಯ ಬಿರುಕಿನಲ್ಲಿ ಚೇಳು, ಮಳೆಗಾಲದಲ್ಲಿ ಸೋರುವ ಮಾಳಿಗೆ. ಓದುವ ಹುಡುಗನಿಗೆ ಬೆಳಕಿಲ್ಲ. ಹೊಸ ಸೊಸೆಗೆ ತನ್ನದೆನ್ನುವ ಮೂಲೆಯಿಲ್ಲ. ಆ ಮನೆಗಳಿಗೆ ಹಿಂತಿರುಗಿ ಹೋಗುವುದು ಯಾರಿಗೂ ಬೇಕಾಗಿಲ್ಲ. ಹೊರಗನ್ನು ಹೊರಗೇ ಬಿಟ್ಟು ಬರುವ ಆ ಪದ್ಧತಿಯನ್ನು ಮಾತ್ರ ಈಗಿನ ಮೂರು ಕೋಣೆಯ ಮನೆಯಲ್ಲಿಯೂ ಉಳಿಸಿಕೊಳ್ಳಬಹುದು. ಕಚೇರಿಯಿಂದ ಬಂದವನು ಪಾದರಕ್ಷೆ ಕಳಚಿ, ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳುವುದಕ್ಕೆ ಕಟ್ಟೆಯೂ ಬೇಡ, ಪಡಸಾಲೆಯೂ ಬೇಡ. ಆ ಹತ್ತು ನಿಮಿಷದಲ್ಲಿ ಯಾರೂ ವಿದ್ಯುತ್ ಬಿಲ್ಲಿನ ಮಾತನ್ನಾಗಲಿ ಮಗನ ಅಂಕಗಳ ಮಾತನ್ನಾಗಲಿ ಎತ್ತಬಾರದೆಂಬ ನಿಯಮವೊಂದಿದ್ದರೆ ಸಾಕು.

ಇಂದ್ರಿಯಗಳನ್ನು ಒತ್ತುವ ವಿಷಯಗಳಲ್ಲಿ ಅತ್ಯಂತ ಬಲವಾದದ್ದು ಶಬ್ದ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ನಿದ್ರೆಯಲ್ಲಿಯೂ ಅದು ತೆರೆದೇ ಇರುತ್ತದೆ. ಶಬ್ದವನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ಈ ಮಾನದಲ್ಲಿ ಹತ್ತು ಹೆಚ್ಚಿದರೆ ಧ್ವನಿಯ ಶಕ್ತಿ ಹತ್ತುಪಟ್ಟಾಗುತ್ತದೆಂಬುದನ್ನು ಗಮನದಲ್ಲಿಡಬೇಕು. ಎದುರುಬದುರು ಕುಳಿತು ಆಡುವ ಸಾಧಾರಣ ಮಾತು ಸುಮಾರು 60. ಅಡುಗೆಮನೆಯ ಮಿಕ್ಸರ್ ಯಂತ್ರ 80ನ್ನು ಸುಲಭವಾಗಿ ದಾಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಭಾರತ ಸರ್ಕಾರವು ವಸತಿ ಪ್ರದೇಶಗಳಿಗೆ ಗೊತ್ತುಪಡಿಸಿದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್. ನಿಯಮವು ಪುಸ್ತಕದಲ್ಲಿ ಭದ್ರವಾಗಿದೆ. ಜಾತ್ರೆ, ಮದುವೆ, ಚುನಾವಣೆಗಳ ಧ್ವನಿವರ್ಧಕಗಳು ಬೀದಿಯಲ್ಲಿ ಭದ್ರವಾಗಿವೆ.

ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಶೋಧನೆ ಈ ವಿಷಯದಲ್ಲಿದೆ. ನ್ಯೂಯಾರ್ಕ್ ನಗರದಲ್ಲಿ ವಾಹನಗಳ ಹೆದ್ದಾರಿಯೊಂದರ ಮೇಲೆಯೇ 32 ಅಂತಸ್ತುಗಳ ನಾಲ್ಕು ವಸತಿ ಕಟ್ಟಡಗಳನ್ನು ನಿರ್ಮಿಸಲಾಗಿದೆ. ಕೆಳಗಿನ ಅಂತಸ್ತುಗಳಲ್ಲಿ ವಾಹನಗಳ ಸದ್ದು ಹೆಚ್ಚು, ಮೇಲೇರಿದಂತೆಲ್ಲ ಕಡಿಮೆ. ಅಲ್ಲಿನ ಶಾಲಾಬಾಲಕರನ್ನು ಪರೀಕ್ಷಿಸಿದ ಶೆಲ್ಡನ್ ಕೋಹೆನ್, ಡೇವಿಡ್ ಗ್ಲಾಸ್, ಜೆರೋಮ್ ಸಿಂಗರ್ ಎಂಬ ವಿದ್ವಾಂಸರು 1973ರಲ್ಲಿ ತಮ್ಮ ನಿಷ್ಕರ್ಷೆಯನ್ನು ಪ್ರಕಟಿಸಿದರು. ಕೆಳಗಿನ ಅಂತಸ್ತುಗಳ ಮಕ್ಕಳು, ಅದರಲ್ಲಿಯೂ ನಾಲ್ಕು ವರ್ಷಕ್ಕೆ ಮೇಲ್ಪಟ್ಟು ಅಲ್ಲಿ ವಾಸಿಸಿದವರು, ಒಂದನ್ನೊಂದು ಹೋಲುವ ಧ್ವನಿಗಳನ್ನು ಬೇರ್ಪಡಿಸಿ ಕೇಳುವುದರಲ್ಲಿ ಹಿಂದಿದ್ದರು, ಓದಿನಲ್ಲಿಯೂ ಹಿಂದಿದ್ದರು. ಗದ್ದಲದ ನಡುವೆ ಬೆಳೆಯುವ ಮಗು ಗದ್ದಲವನ್ನು ಕೇಳದಿರುವ ಅಭ್ಯಾಸ ಮಾಡಿಕೊಳ್ಳುತ್ತದೆ. ಅದರೊಡನೆ ಕೇಳಬೇಕಾದುದನ್ನೂ ಬಿಟ್ಟುಬಿಡುತ್ತದೆ ಎಂಬುದು ಅವರ ವಿವರಣೆ. ಅಕಾರ-ಹಕಾರಗಳ ಭೇದವರಿಯದೆ, ಅಲ್ಪಪ್ರಾಣ-ಮಹಾಪ್ರಾಣಗಳನ್ನು ಒಂದೇ ಮಾಡಿ ಬರೆಯುವ ವಿದ್ಯಾರ್ಥಿಗಳನ್ನು ಕಂಡು ಕನ್ನಡ ಅಧ್ಯಾಪಕರು ಬೇಸರಪಡುವುದುಂಟು. ಇದಕ್ಕೆ ಆಯಾ ಪ್ರದೇಶದ ಆಡುಮಾತು ಮೊದಲಾಗಿ ಕಾರಣಗಳು ಹಲವು. ಎಲ್ಲವನ್ನೂ ಮನೆಯ ಗದ್ದಲದ ತಲೆಗೆ ಕಟ್ಟಲಾಗದು. ಆದರೂ ಆ ವಿದ್ಯಾರ್ಥಿಯನ್ನು ಬೆಂಚಿನ ಮೇಲೆ ನಿಲ್ಲಿಸುವ ಮೊದಲು ಅವನ ಮನೆಯಲ್ಲಿ ಸಂಜೆ ಏನು ಕೇಳಿಸುತ್ತದೆಂದು ಒಮ್ಮೆ ವಿಚಾರಿಸುವುದು ಉಚಿತ.

ಹೊರಗಿನ ಸದ್ದನ್ನು ಒಂಟಿ ಸಂಸಾರಿಯು ತಡೆಯಲಾರ. ಒಳಗಿನದು ಅವನ ಕೈಯಲ್ಲಿದೆ. ಯಾರೂ ನೋಡದಿದ್ದರೂ ಉರಿಯುತ್ತಿರುವ ದೂರದರ್ಶನ, ಊಟದ ನಡುವೆಯೂ ಕೂಗುವ ದೂರವಾಣಿ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕಿರುಚಿ ಕರೆಯುವ ರೂಢಿ ಇವು ಮೂರನ್ನು ಬಿಟ್ಟರೆ ಮನೆಯ ಗದ್ದಲದಲ್ಲಿ ದೊಡ್ಡ ಪಾಲು ಕಳೆಯುತ್ತದೆ. ಪರೀಕ್ಷೆಯ ತಿಂಗಳುಗಳಲ್ಲಿ ಮಗುವನ್ನು ಒಳಕೋಣೆಗೆ ನೂಕಿ ‘ಓದು’ ಎಂದು ಬಾಗಿಲು ಮುಚ್ಚಿ, ಹಿರಿಯರು ಹೊರಗೆ ಧಾರಾವಾಹಿ ನೋಡುವ ಪದ್ಧತಿ ಬಹಳ ಮನೆಗಳಲ್ಲಿದೆ. ಬಾಗಿಲಿನಾಚೆಯ ಆ ಮಾತು ಆ ಕಿವಿಗೆ ಬೀಳದೇ ಇರುತ್ತದೆಯೆ? ಅದೇ ಒಂದೂವರೆ ತಾಸು ಮನೆಯವರೆಲ್ಲ ತಮ್ಮ ತಮ್ಮ ಕೆಲಸ ಹಿಡಿದು ಕುಳಿತರೆ, ತಂದೆ ಲೆಕ್ಕ ಬರೆದರೆ, ಅಜ್ಜಿ ಬತ್ತಿ ಹೊಸೆದರೆ, ಮಗುವಿಗೆ ಓದು ಎಂದು ಹೇಳುವ ಪ್ರಮೇಯವೇ ಬರುವುದಿಲ್ಲ.

ಬೆಳಕಿನ ವಿಷಯ ಇದಕ್ಕಿಂತ ಸುಲಭ. ನೋಟಕ್ಕೆ ಸಂಬಂಧಿಸಿದ ಕಣಗಳಲ್ಲದೆ, ಹಗಲು-ರಾತ್ರಿಗಳನ್ನು ದೇಹಕ್ಕೆ ತಿಳಿಸತಕ್ಕ ಬೇರೊಂದು ಬಗೆಯ ಜೀವಕಣಗಳು ಕಣ್ಣಿನ ಅಕ್ಷಿಪಟಲದಲ್ಲಿವೆಯೆಂದೂ, ಅವು ತಾವೇ ಬೆಳಕನ್ನು ಗ್ರಹಿಸುತ್ತವೆಯೆಂದೂ 2002ರಲ್ಲಿ ಪ್ರಯೋಗಗಳಿಂದ ದೃಢಪಟ್ಟಿತು. ನೀಲಿಯ ಛಾಯೆಯುಳ್ಳ ಪ್ರಖರ ಬೆಳಕು ಇವುಗಳನ್ನು ಹೆಚ್ಚಾಗಿ ಕೆರಳಿಸುತ್ತದೆ. ರಾತ್ರಿಯಲ್ಲಿ ಇಂತಹ ಬೆಳಕು ಬಿದ್ದರೆ, ನಿದ್ರೆಯ ವೇಳೆಯಾಯಿತೆಂದು ದೇಹಕ್ಕೆ ಸಾರುವ ಮೆಲಟೋನಿನ್ ರಸದ ಸ್ರಾವ ತಗ್ಗುತ್ತದೆ. ರಾತ್ರಿ ಊಟವಾದ ಮೇಲೆ ಮನೆಯ ಬಿಳಿದೀಪಗಳನ್ನು ಆರಿಸಿ ಹಳದಿ ಬಣ್ಣದ ಒಂದು ಚಿಕ್ಕ ದೀಪವನ್ನುಳಿಸುವುದು, ಬೆಳಗ್ಗೆ ಎದ್ದೊಡನೆ ಹೊರಗಿನ ಬೆಳಕಿಗೆ ಬರುವುದು, ಎರಡಕ್ಕೂ ಖರ್ಚಿಲ್ಲ. ದೂರವಾಣಿಯನ್ನು ಮಲಗುವ ಕೋಣೆಯ ಹೊರಗಿಟ್ಟರೆ ಇನ್ನೂ ಮೇಲು. ಅದರ ಬೆಳಕಿಗಿಂತ ಅದು ಹೊತ್ತು ತರುವ ಸುದ್ದಿಗಳೇ ನಿದ್ರೆಗೆ ಹೆಚ್ಚಿನ ವೈರಿಗಳು.

ಸೆಕೆಯೂ ಒಂದು ಒತ್ತಡ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಮಾನ 40 ಡಿಗ್ರಿಯನ್ನು ದಾಟುವ ಕಲಬುರ್ಗಿ, ರಾಯಚೂರು, ವಿಜಯಪುರ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗಲೆಲ್ಲ ಕಾದ ತೆಳುವಾದ ಕಾಂಕ್ರೀಟ್ ಚಾವಣಿ ರಾತ್ರಿ ಮಲಗಿದವರ ಮೇಲೆ ಆ ಕಾವನ್ನು ಸುರಿಸುತ್ತದೆ. ಬೇಸಗೆಗೆ ಮುಂಚೆ ಚಾವಣಿಯ ಮೇಲ್ಮೈಗೆ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಕ್ಕೆ ಪುಟಿದು ಹೋಗುತ್ತದೆ. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ತಟ್ಟಿ ಕಟ್ಟುವುದು ಒಳಗೆ ಪರದೆ ಬಿಡುವುದಕ್ಕಿಂತ ಲೇಸು. ಕಾವು ಗಾಜನ್ನು ದಾಟಿ ಒಳಬಂದ ಮೇಲೆ ಪರದೆ ಏನು ಮಾಡೀತು?

ಕಿಟಕಿಯ ಮಾತು ಬಂದುದರಿಂದ ಇನ್ನೊಂದು ಪ್ರಸಿದ್ಧ ಅಧ್ಯಯನವನ್ನು ಇಲ್ಲಿ ಹೇಳಬೇಕು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ರೋಜರ್ ಉಲ್ರಿಕ್ ಎಂಬವರು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದರು. ಕೆಲವು ಕೋಣೆಗಳ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಇನ್ನು ಕೆಲವುಗಳಿಂದ ಇಟ್ಟಿಗೆಯ ಗೋಡೆ ಮಾತ್ರ. ವಯಸ್ಸು, ಲಿಂಗ ಮೊದಲಾದವುಗಳಲ್ಲಿ ಸರಿಹೊಂದುವ 23 ಜೊತೆ ರೋಗಿಗಳನ್ನು ಹೋಲಿಸಿದಾಗ, ಮರಗಳನ್ನು ಕಾಣುತ್ತಿದ್ದವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಮರಳಿದ್ದರು. ನೋವು ತಗ್ಗಿಸುವ ತೀಕ್ಷ್ಣವಾದ ಔಷಧಿಗಳನ್ನೂ ಕಡಿಮೆ ಸೇವಿಸಿದ್ದರು. ಅಧ್ಯಯನ ಚಿಕ್ಕದು, ಅದರಿಂದ ದೊಡ್ಡ ಸಿದ್ಧಾಂತ ಕಟ್ಟಬಾರದು. ಆದರೆ ಹಿತ್ತಲಿನ ನುಗ್ಗೆಮರವನ್ನು ಕಡಿದು ಆ ಜಾಗಕ್ಕೂ ಫರಸಿ ಹಾಸಬೇಕೆಂದಿರುವವರು ಒಮ್ಮೆ ನಿಂತು ಯೋಚಿಸುವುದಕ್ಕೆ ಇಷ್ಟು ಸಾಲದೆ?

ಇನ್ನು ಸಾಮಾನುಗಳು. ಮದುವೆ ಮುಂಜಿಗಳಲ್ಲಿ ಬಂದು ಪೊಟ್ಟಣವನ್ನೂ ಬಿಚ್ಚದೆ ಅಟ್ಟ ಸೇರಿದ ಸ್ಟೀಲ್ ಪಾತ್ರೆಗಳು, ಕೆಟ್ಟುಹೋದ ರೇಡಿಯೋ, ಹತ್ತು ವರ್ಷದ ಪತ್ರಿಕೆಗಳು, ಮೂರು ಕಾಲಿನ ಕುರ್ಚಿ. ‘ಎಂದಾದರೂ ಬಂದೀತು’ ಎಂಬ ಮಾತಿನ ಆಧಾರದ ಮೇಲೆ ಇವೆಲ್ಲ ಮನೆಯಲ್ಲಿ ನಿಂತಿವೆ. ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ-ಹೊದಿಕೆಗಳನ್ನೆಲ್ಲ ಹಳ್ಳಕ್ಕೊಯ್ದು ಒಗೆಯುವ, ದೀಪಾವಳಿಗೆ ಮುಂಚೆ ಸಾಮಾನುಗಳನ್ನೆಲ್ಲ ಹೊರಗಿಟ್ಟು ಗೋಡೆಗೆ ಸುಣ್ಣ ಬಳಿಯುವ ವಾಡಿಕೆಯಿಂದ ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ವಸ್ತುವೂ ಮನೆಯವರ ಕೈಗೆ ಬಂದು ಬೇಕೋ ಬೇಡವೋ ಎಂಬ ಪರೀಕ್ಷೆಗೆ ಒಳಗಾಗುತ್ತಿತ್ತು. ಗೋಡೆಗೆ ಹತ್ತು ವರ್ಷ ಬಾಳುವ ಬಣ್ಣ ಬಂದ ಮೇಲೆ ಆ ಪರೀಕ್ಷೆಯೂ ತಪ್ಪಿತು.

ಇದು ಕೇವಲ ಅಚ್ಚುಕಟ್ಟಿನ ಪ್ರಶ್ನೆಯಲ್ಲವೆಂಬುದನ್ನು ಲಾಸ್ ಏಂಜಲೀಸ್ ನಗರದಲ್ಲಿ ನಡೆದ ಒಂದು ಅಧ್ಯಯನ ತೋರಿಸಿತು. ಪತಿ-ಪತ್ನಿಯರಿಬ್ಬರೂ ಉದ್ಯೋಗದಲ್ಲಿರುವ 30 ದಂಪತಿಗಳು ತಮ್ಮ ತಮ್ಮ ಮನೆಯಲ್ಲಿ ತಿರುಗಾಡುತ್ತ, ಕಂಡುದನ್ನು ತಮ್ಮದೇ ಮಾತುಗಳಲ್ಲಿ ವರ್ಣಿಸಿದರು. ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೀನಾ ರೆಪೆಟಿ ಎಂಬ ಮನಶ್ಶಾಸ್ತ್ರಜ್ಞೆಯರು ಆ ವರ್ಣನೆಗಳಲ್ಲಿನ ಶಬ್ದಗಳನ್ನು ಎಣಿಸಿದರು. ಅದೇ ದಂಪತಿಗಳ ಜೊಲ್ಲಿನಲ್ಲಿ ದಿನದ ಬೇರೆ ಬೇರೆ ಹೊತ್ತಿನ ಕಾರ್ಟಿಸಾಲ್ ಪ್ರಮಾಣವನ್ನೂ ಅಳೆದರು. 2010ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಮನೆಯನ್ನು ವರ್ಣಿಸುವಾಗ ‘ಚೆಲ್ಲಾಪಿಲ್ಲಿ’, ‘ಇನ್ನೂ ಮುಗಿದಿಲ್ಲ’ ಎಂಬಂತಹ ಮಾತುಗಳನ್ನು ಹೆಚ್ಚಾಗಿ ಆಡಿದ ಸ್ತ್ರೀಯರಲ್ಲಿ ಸಂಜೆಗೆ ಇಳಿಯಬೇಕಾದ ಆ ರಸ ಸರಿಯಾಗಿ ಇಳಿಯುತ್ತಿರಲಿಲ್ಲ. ಹೊತ್ತು ಕಳೆದಂತೆ ಮನಸ್ಸೂ ಕುಗ್ಗುತ್ತಿತ್ತು. ಅದೇ ಮನೆಯಲ್ಲಿ, ಅದೇ ಸಾಮಾನುಗಳ ನಡುವೆ ಬಾಳುತ್ತಿದ್ದ ಗಂಡಂದಿರಲ್ಲಿ ಅಂತಹ ಸಂಬಂಧ ಕಾಣಲಿಲ್ಲ.

ಕಾರಣವನ್ನು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ. ಕುರ್ಚಿಯ ಮೇಲೆ ಬಿದ್ದ ಬಟ್ಟೆಯ ರಾಶಿಯಲ್ಲಿ ಗಂಡಸು ಬಟ್ಟೆಯನ್ನು ಕಾಣುತ್ತಾನೆ. ಹೆಂಗಸು ತನಗೆ ಕಾದಿರುವ ಕೆಲಸವನ್ನು ಕಾಣುತ್ತಾಳೆ. ಮನೆಯ ಶಾಂತಿಯ ವಿಚಾರದಲ್ಲಿ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ ಇಲ್ಲಿಯೇ ಇದೆ. ಶಾಂತವಾದ ಮನೆ ಯಾರಿಗೆ ಶಾಂತ? ದುಡಿದು ಬಂದ ಯಜಮಾನನಿಗೆ ಬಿಸಿ ಚಹ, ಓದುವ ಮಗನಿಗೆ ನಿಶ್ಶಬ್ದ ಕೋಣೆ, ವೃದ್ಧರಿಗೆ ಹೊತ್ತಿಗೆ ಸರಿಯಾಗಿ ಊಟ ಇವೆಲ್ಲವೂ ಒಬ್ಬಳ ನಿಲ್ಲದ ದುಡಿಮೆಯಿಂದ ಉಂಟಾಗುತ್ತಿದ್ದರೆ ಆ ಮನೆಯಲ್ಲಿ ಎಲ್ಲರ ಹೊರೆಯೂ ಇಳಿದಿದೆ. ಇಳಿದ ಹೊರೆಗಳೆಲ್ಲ ಒಂದೇ ತಲೆಯ ಮೇಲೆ ಕುಳಿತಿವೆ. ತಮಿಳಿನಲ್ಲಿ ‘ಮನೈ’ ಎಂಬ ಶಬ್ದಕ್ಕೆ ಮನೆಯೆಂದೂ ಹೆಂಡತಿಯೆಂದೂ ಎರಡರ್ಥ. ಸಂಸ್ಕೃತದ ‘ಗೃಹ’ ಶಬ್ದಕ್ಕೂ ಹಾಗೆಯೇ. ಮನೆಯೆಂದರೆ ಗೃಹಿಣಿಯೇ ಎಂದು ಹಿಂದಿನವರು ಗೌರವದಿಂದ ಹೇಳಿದರು. ಅದೇ ಗೌರವದ ಮಾತನ್ನು ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಕಟ್ಟಡದ ಕಂಬಕ್ಕೆ ವಿಶ್ರಾಂತಿ ಕೊಡುವ ಯೋಚನೆ ಯಾರಿಗೂ ಬರುವುದಿಲ್ಲವೆಂಬುದೂ ಅದರಲ್ಲಿ ಸೇರಿದೆ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ಭಾರತದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ಜನರು ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂಬುದರ ಸಮೀಕ್ಷೆ ನಡೆಸಿತು. ಆರು ವರ್ಷಕ್ಕೆ ಮೇಲ್ಪಟ್ಟವರಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರು ಸ್ತ್ರೀಯರಲ್ಲಿ ಪ್ರತಿಶತ 81, ಪುರುಷರಲ್ಲಿ ಪ್ರತಿಶತ 26. ಹಾಗೆ ಕೈಹಾಕಿದವರ ಸರಾಸರಿಯನ್ನು ತೆಗೆದರೆ ಸ್ತ್ರೀಗೆ ದಿನಕ್ಕೆ 299 ನಿಮಿಷ, ಎಂದರೆ ಐದು ತಾಸಿಗೆ ಒಂದೇ ನಿಮಿಷ ಕಡಿಮೆ. ಪುರುಷನಿಗೆ 97 ನಿಮಿಷ. ಲಾಸ್ ಏಂಜಲೀಸಿನ ಅದೇ ಸಂಶೋಧಕಿಯರು ಇನ್ನೊಬ್ಬರೊಡನೆ ಸೇರಿ 2011ರಲ್ಲಿ ಪ್ರಕಟಿಸಿದ ಮತ್ತೊಂದು ಲೇಖನ ಇನ್ನೂ ಸ್ಪಷ್ಟವಾಗಿದೆ: ಸಂಜೆಯ ಹೊತ್ತು ಗಂಡ ಮನೆಗೆಲಸದಲ್ಲಿ ಹೆಚ್ಚು ವೇಳೆ ಕಳೆದ ಮನೆಗಳಲ್ಲಿ ಹೆಂಡತಿಯ ಕಾರ್ಟಿಸಾಲ್ ಚೆನ್ನಾಗಿ ಇಳಿಯುತ್ತಿತ್ತು. ಪರಿಮಳದ ಮೇಣಬತ್ತಿ ತರುವ ಗಂಡನಿಗಿಂತ ಪಾತ್ರೆ ತೊಳೆದಿಡುವ ಗಂಡ ಮನೆಯನ್ನು ಹೆಚ್ಚು ಶಾಂತಗೊಳಿಸುತ್ತಾನೆಂದು ಇದರಿಂದ ತಿಳಿದರೆ ತಪ್ಪಾಗಲಾರದು.

ಅಧ್ಯಾಪಿಕೆಯ ಮನೆಯನ್ನೇ ನೋಡಬಹುದು. ಬೆಳಗ್ಗೆ ನಾಲ್ಕೂವರೆಗೆ ಏಳುವ ಆಕೆ ಅಡುಗೆ, ಡಬ್ಬಿ, ಮಕ್ಕಳ ಸಮವಸ್ತ್ರ ಮುಗಿಸಿ ಶಾಲೆಗೆ ಬರುತ್ತಾಳೆ. ಆರು ತಾಸು ಪಾಠ. ಸಂಜೆ ಮತ್ತೆ ಒಲೆ. ರಾತ್ರಿ ಹತ್ತಕ್ಕೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಾಳೆ. ಅದೇ ಶಾಲೆಯ ಅಧ್ಯಾಪಕ ಅದೇ ಕಟ್ಟನ್ನು ಸಂಜೆ ಆರಕ್ಕೇ ಬಿಚ್ಚುತ್ತಾನೆ. ಇಬ್ಬರಿಗೂ ಸಂಬಳ ಒಂದೇ.

ಆಕೆಗೂ ಮನೆಯಲ್ಲಿ ಒಂದು ಜಾಗ, ಒಂದು ವೇಳೆ ಬೇಕು. ಈ ದಿಶೆಯಲ್ಲಿ ಲಿಂಗಾಯತ ಮನೆತನಗಳ ಹಳೆಯ ಆಚಾರವೊಂದು ಸ್ಮರಣೀಯ. ಇಷ್ಟಲಿಂಗ ಪೂಜೆ ಗಂಡಸಿನಂತೆ ಹೆಂಗಸಿಗೂ ಸಲ್ಲುವುದರಿಂದ, ಪೂಜೆಗೆ ಕುಳಿತ ಹೆಣ್ಣುಮಗಳನ್ನು ಅತ್ತೆಯೂ ಕೂಗಿ ಕರೆಯುವಂತಿರಲಿಲ್ಲ. ಭಕ್ತಿಯ ಮಾತು ಹಾಗಿರಲಿ. ಯಾರೂ ಕರೆಯದ ಕಾಲು ಗಂಟೆಯಾದರೂ ಆಕೆಯ ಪಾಲಿಗೆ ದಿನಕ್ಕೊಮ್ಮೆ ಬರುತ್ತಿತ್ತು. ಆಚಾರ ಉಳಿದಿರುವ ಮನೆಗಳಲ್ಲಿಯೂ ಈಗ ಆ ಹೊತ್ತಿಗೇ ಕುಕ್ಕರು ಸೀಟಿ ಹಾಕುತ್ತದೆ. ಕುಕ್ಕರನ್ನು ಇಳಿಸಲು ಬೇರೊಬ್ಬರು ಏಳುವ ರೂಢಿ ಬಂದರೆ ಅರ್ಧ ಕೆಲಸ ಆದಂತೆ.

ಮಾತಿನ ವಿಷಯವನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. ಶಾಲೆಯಿಂದ ಬಂದ ಮಗುವಿಗೆ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಅಂಕ ಬಂತು?’ ಎಂದಾಗಿದ್ದರೆ ಆ ಮಗುವಿಗೆ ಮನೆಯು ಶಾಲೆಯ ಮುಂದುವರಿದ ಕೋಣೆ. ‘ಕೈಕಾಲು ತೊಳಕೋ, ರೊಟ್ಟಿ ತಿನ್ನು’ ಎಂದಾಗಿದ್ದರೆ ಅದು ಮನೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಊಟ ಬೇಡವೆನ್ನುವುದು, ಯಾರೊಡನೆಯೂ ಮಾತನಾಡದಿರುವುದು, ಬದುಕೇ ಬೇಡವೆಂಬ ಮಾತು ಬಾಯಿಂದ ಬರುವುದು ಇವು ಮನೆಯ ಸುಣ್ಣಬಣ್ಣದಿಂದ ವಾಸಿಯಾಗುವಂತಹವಲ್ಲ. ಇದಕ್ಕೆ ವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ‘ಜನ ಏನೆಂದಾರು’ ಎಂದು ಇದನ್ನು ಮುಚ್ಚಿಡುವ ಮನೆ ಎಷ್ಟೇ ನಿಶ್ಶಬ್ದವಾಗಿದ್ದರೂ ಅದನ್ನು ಶಾಂತವೆನ್ನಲಾಗದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪ ಉಳಿಯುತ್ತದೆ. ಕೋಣೆಗಳಿದ್ದವರಿಗೆ ಈ ಮಾತು ಸರಿ. ಆರು ಮಂದಿ ಒಂದೇ ಕೋಣೆಯಲ್ಲಿ ಅಟ್ಟು ಉಂಡು ಮಲಗುವವರ ಗತಿಯೇನು? ಮಠಗಳು ನಡೆಸುವ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅಂತಹ ಮನೆಗಳಿಂದ ಬರುವವರು ಕಡಿಮೆಯಿಲ್ಲ. ಅಲ್ಲಿಯೂ ಕೆಲವು ಉಪಾಯಗಳುಂಟು. ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ ಒಂದು ಮೂಲೆಯನ್ನು ಬೇರೆ ಮಾಡಬಹುದು. ಓದುವವರು ಗೋಡೆಗೆ ಮುಖ ಮಾಡಿ ಕುಳಿತರೆ ಕಣ್ಣಿನ ಚಾಂಚಲ್ಯವಾದರೂ ತಪ್ಪುತ್ತದೆ. ಊರು ಮಲಗಿರುವ ಬೆಳಗಿನ ಜಾವವನ್ನು ಓದಿಗೆ ಮೀಸಲಿಡಬಹುದು. ಆದರೆ ಅದಕ್ಕೆ ರಾತ್ರಿ ಬೇಗ ಮಲಗಲು ಜಾಗ ಬೇಕು, ಒಂದೇ ಕೋಣೆಯಲ್ಲಿ ಅದೂ ಕಷ್ಟ. ಉಪಾಯಗಳಿಗೂ ಒಂದು ಮೇರೆಯಿದೆ.

ಮನೆ ಕೊಡಲಾರದುದನ್ನು ಆಗ ಶಾಲೆಯೇ ಕೊಡಬೇಕಾಗುತ್ತದೆ. ಸಂಜೆ ಐದಕ್ಕೆ ಶಾಲೆಗಳಿಗೆ ಬೀಗ ಬೀಳುತ್ತದೆ. ವಿಶಾಲವಾದ, ಗಾಳಿಬೆಳಕುಳ್ಳ ಕೋಣೆಗಳು ರಾತ್ರಿಯೆಲ್ಲ ಖಾಲಿ ಇರುತ್ತವೆ. ಅದೇ ಹೊತ್ತಿಗೆ ಅರ್ಧ ಫರ್ಲಾಂಗು ದೂರದಲ್ಲಿ ಆ ಶಾಲೆಯದೇ ಹುಡುಗಿಯೊಬ್ಬಳು ಒಲೆಯ ಪಕ್ಕದಲ್ಲಿ, ತಮ್ಮನ ಅಳು ಮತ್ತು ನೆರೆಮನೆಯ ದೂರದರ್ಶನದ ನಡುವೆ ಬೀಜಗಣಿತದ ಲೆಕ್ಕ ಬಿಡಿಸುತ್ತಿರುತ್ತಾಳೆ. ದಾನಿಗಳು ಸಾಮಾನ್ಯವಾಗಿ ಮಹಾದ್ವಾರಕ್ಕೋ ಸಭಾಮಂಟಪಕ್ಕೋ ದೇಣಿಗೆ ಕೊಡಲು ಬಯಸುತ್ತಾರೆ. ಹೆಸರು ಕೆತ್ತಲು ಅಲ್ಲಿ ಕಲ್ಲು ಇರುತ್ತದೆ. ಸಂಜೆಯ ವಾಚನಕೋಣೆಗೆ ಕಲ್ಲು ಬೇಡ. ಇರುವ ಒಂದು ಕೋಣೆ, ಆರೇಳು ದೀಪಗಳು, ಜಮಖಾನೆ, ಕುಡಿಯುವ ನೀರಿನ ಕೊಡ, ಎಂಟು ಗಂಟೆಯವರೆಗೆ ಸರದಿಯ ಮೇಲೆ ಸುಮ್ಮನೆ ಕುಳಿತಿರುವ ಒಬ್ಬ ಅಧ್ಯಾಪಕ, ಮತ್ತು ಆ ಅಧ್ಯಾಪಕನ ವೇಳೆಗೆ ಒಂದಿಷ್ಟು ಗೌರವಧನ ಇದ್ದರೆ ಆಯಿತು. ಪಾಠ ಹೇಳಬೇಕಾಗಿಲ್ಲ, ಪ್ರಶ್ನೆ ಕೇಳಿದರೆ ಉತ್ತರ ಹೇಳಿದರೆ ಸಾಕು. ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಮನೆ ಮುಟ್ಟಿಸುವ ಏರ್ಪಾಡು ಮಾತ್ರ ಮೊದಲ ದಿನದಿಂದಲೇ ಇರತಕ್ಕದ್ದು. ಇಲ್ಲವಾದರೆ ತಿಂಗಳೊಳಗಾಗಿ ಆ ಕೋಣೆ ಗಂಡುಹುಡುಗರದೇ ಆಗಿಬಿಡುತ್ತದೆ, ಆ ಹುಡುಗಿ ಮರಳಿ ಒಲೆಯ ಪಕ್ಕಕ್ಕೆ ಹೋಗುತ್ತಾಳೆ.